ಹೆಣ ಎತ್ತುವ ತನಕ ಊಟವಿಲ್ಲ: ‘ಸಂಸ್ಕಾರ’ (1970)

ಮದರಾಸಿನ ಸೆನ್ಸಾರ್ ಮಂಡಳಿ ‘ಸಂಸ್ಕಾರ’ಕ್ಕೆ ಮೊದಲು ತಡೆ ಹಾಕಿತು. ಜಾತಿಯ ಕಿಡಿ ಹೊತ್ತಿಕೊಳ್ಳುತ್ತದೆ ಎಂಬ ಭಯ. ಕೇಂದ್ರ ಸರ್ಕಾರ ನಡುವೆ ಬಂದು ತಡೆ ತೆಗೆಸಿದ ಮೇಲೆ ತೆರೆ ಕಂಡ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂತು, ಕನ್ನಡಕ್ಕೆ ಅದೇ ಮೊದಲನೆಯದು. ಈ ಗಲಾಟೆ ಕೇಳಿದವರು ಬ್ರಾಹ್ಮಣ್ಯದ ಮೇಲಿನ ವಾಗ್ವಾದ ನೋಡಲೆಂದು ಕೂರುತ್ತಾರೆ. ವಾಗ್ವಾದ ಇದೆ, ನಿಜ. ಆದರೆ ಚಿತ್ರವನ್ನು ಎಳೆದುಕೊಂಡು ಹೋಗುವುದು ಹಸಿವು.

ಕಥೆಯ ಗಂಟು ಎಲ್ಲಿದೆ ಎಂದು ಮೊದಲೇ ತಿಳಿದಿರಲಿ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಮಾಂಸ ತಿಂದವನು, ಹೆಂಡ ಕುಡಿದವನು, ಕೆಳಜಾತಿಯ ಚಂದ್ರಿಯನ್ನು ಮನೆಯಲ್ಲಿಟ್ಟುಕೊಂಡವನು. ಆದರೂ ಅವನಿಗೆ ಬಹಿಷ್ಕಾರ ಹಾಕಿರಲಿಲ್ಲ. ಹಾಕಿದರೆ ಮುಸಲ್ಮಾನನಾಗುತ್ತೇನೆ ಎಂದು ಹೆದರಿಸಿದ್ದ. ಹಾಗಾಗಿ ಸತ್ತದ್ದು ಬ್ರಾಹ್ಮಣನಾಗಿಯೇ, ಸಂಸ್ಕಾರ ಮಾಡಬೇಕಾದವನೂ ಬ್ರಾಹ್ಮಣನೇ. ಮಾಡಿದವನ ಬ್ರಾಹ್ಮಣ್ಯಕ್ಕೆ ಕುತ್ತು. ಮಾಡದಿದ್ದರೆ ಹೆಣ ಎತ್ತುವ ತನಕ ಯಾರೂ ಉಣ್ಣುವಂತಿಲ್ಲ. ಇಷ್ಟು ಗೊತ್ತಿದ್ದರೆ ಜಗಲಿಯ ಮೇಲಿನ ಪ್ರತಿಯೊಂದು ಮಾತಿನ ಹಿಂದೆಯೂ ಖಾಲಿ ಹೊಟ್ಟೆ ಕೇಳಿಸುತ್ತದೆ.

ಚಂದ್ರಿ ಒಡವೆ ಬಿಚ್ಚಿಡುವ ದೃಶ್ಯವನ್ನು ಕಣ್ಣು ತೆಗೆಯದೆ ನೋಡಿ. ಸಂಸ್ಕಾರದ ಖರ್ಚಿಗೆಂದು ಅವಳು ಚಿನ್ನ ಕೊಡುತ್ತಾಳೆ. ಅಲ್ಲಿಯವರೆಗೆ ಹೊಣೆಯನ್ನು ಒಬ್ಬರ ಮೇಲೊಬ್ಬರು ಹಾಕುತ್ತಿದ್ದ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರಿಗೆ ಆಗ ನಂಟು ನೆನಪಾಗುತ್ತದೆ. ಬಹಿಷ್ಕಾರ, ಪ್ರಾಯಶ್ಚಿತ್ತ ಎಂಬ ಮಾತುಗಳ ಅಡಿಯಲ್ಲಿ ಏನು ಕೂತಿದೆ ಎಂಬುದು ಆ ಒಂದು ಗಳಿಗೆಯಲ್ಲಿ ಬಯಲಾಗುತ್ತದೆ. ಮುಂದೆ ಮೀನು ವ್ಯಾಪಾರಿ ಅಹ್ಮದ್ ಬ್ಯಾರಿ ರಾತ್ರೋರಾತ್ರಿ ಹೆಣ ಸುಟ್ಟು ಮುಗಿಸುತ್ತಾನೆ. ಅದು ಅಗ್ರಹಾರಕ್ಕೆ ತಿಳಿಯದು. ಇಲ್ಲದ ಹೆಣಕ್ಕೆ ಪರಿಹಾರ ಹುಡುಕುತ್ತಾ ಅವರು ಅಲೆಯುತ್ತಲೇ ಇರುತ್ತಾರೆ. ಸಾಯುತ್ತಿರುವ ಇಲಿಗಳು ಪ್ಲೇಗಿನ ಗುರುತೆಂದೂ ಯಾರಿಗೂ ಹೊಳೆಯುವುದಿಲ್ಲ.

ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಶೃಂಗೇರಿ ಬಳಿಯ ವೈಕುಂಠಪುರದಲ್ಲಿ, ಕಪ್ಪು ಬಿಳುಪಿನಲ್ಲಿ ತೆಗೆದ ಚಿತ್ರ. ಮಲೆನಾಡನ್ನು ಚೆಂದ ಮಾಡಿ ತೋರಿಸುವ ಆಸೆ ಕ್ಯಾಮೆರಾಕ್ಕೆ ಎಲ್ಲೂ ಇಲ್ಲ, ಅದೇ ಅದರ ದೊಡ್ಡ ಗುಣ. ನಾರಣಪ್ಪನಾಗಿ ಲಂಕೇಶ್ ಕಾಣಿಸಿಕೊಳ್ಳುವುದು ಸ್ವಲ್ಪ ಹೊತ್ತಾದರೂ ಚಿತ್ರಕ್ಕೆ ಖಾರ ತುಂಬುತ್ತಾರೆ. ಚಂದ್ರಿಯಾದ ಸ್ನೇಹಲತಾ ರೆಡ್ಡಿ ಮಾತಿಗಿಂತ ನಿಲುವಿನಲ್ಲೇ ಎಲ್ಲವನ್ನೂ ಹೇಳುತ್ತಾರೆ. (ತುರ್ತುಪರಿಸ್ಥಿತಿಯಲ್ಲಿ ಜೈಲು ಸೇರಿದ ಈ ಕಲಾವಿದೆ ಬಿಡುಗಡೆಯಾದ ಬೆನ್ನಿಗೇ 1977ರಲ್ಲಿ ತೀರಿಕೊಂಡರು. ಎಷ್ಟು ದೊಡ್ಡ ನಷ್ಟ!)

ಚಿತ್ರ ಸೊರಗುವುದು ಕೊನೆಯ ಭಾಗದಲ್ಲಿ. ಸಂಸ್ಕಾರಕ್ಕೆ ದಾರಿ ಹೇಳಬೇಕಿದ್ದ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯ ಚಂದ್ರಿಯನ್ನು ಕೂಡಿದ ಮೇಲೆ ಊರು ಬಿಟ್ಟು, ದಾರಿಯಲ್ಲಿ ಗಂಟುಬಿದ್ದ ಪುಟ್ಟನ ಜೊತೆ ಜಾತ್ರೆಯಲ್ಲಿ ತಿರುಗುವಾಗ, ಚಿತ್ರಕ್ಕೆ ಮೂಲವಾದ ಕಾದಂಬರಿಯಲ್ಲಿ ನಡೆಯುವುದೆಲ್ಲ ಮನಸ್ಸಿನೊಳಗೆ. ಸಿಕ್ಕಿಬೀಳುವ ಭಯ, ಆಸೆ, ನಾಚಿಕೆ ಒಂದರ ಮೇಲೊಂದು ಬರುತ್ತವೆ. ತೆರೆಯ ಮೇಲೆ ಗಿರೀಶ ಕಾರ್ನಾಡರ ಮುಖವೊಂದೇ ಅದನ್ನೆಲ್ಲ ಹೊರಬೇಕು. ಅಷ್ಟು ಭಾರ ಅದು ಹೊರುವುದಿಲ್ಲ, ಅಲೆದಾಟ ಬರೀ ಅಲೆದಾಟವಾಗಿ ಕಾಣುತ್ತದೆ.

ಇದಕ್ಕೊಂದು ಉಪಾಯವಿದೆ. ಅನಂತಮೂರ್ತಿಯವರ ಕಾದಂಬರಿಗೆ ಮೂರು ಭಾಗ. ಮೊದಲ ಎರಡನ್ನು ಓದದೆಯೇ ಚಿತ್ರ ನೋಡಿ, ಅವು ತೆರೆಯ ಮೇಲೆ ಗಟ್ಟಿಯಾಗಿಯೇ ಬಂದಿವೆ. ಮೂರನೆಯ ಭಾಗವನ್ನು ಮಾತ್ರ ಮುಂಚೆಯೇ ಓದಿಕೊಳ್ಳಿ. ಕಥೆ ಮೊದಲೇ ತಿಳಿದರೂ ನಷ್ಟವಿಲ್ಲ, ಜಾತ್ರೆಯ ದೃಶ್ಯಗಳಿಗೆ ಒಳದನಿ ಸಿಗುತ್ತದೆ. ಮೊಬೈಲಿನಲ್ಲಿ ಬೇಡ. ಕೋಣೆಯ ದೀಪ ಆರಿಸಿ, ದೊಡ್ಡ ಪರದೆಯಲ್ಲಿ, ನಡುವೆ ನಿಲ್ಲಿಸದೆ ನೋಡಿ.