ಪೆನ್ಸಿಲ್2ಡಿ: ಗೆರೆಗೆ ಒಲಿದಷ್ಟು ಬಣ್ಣಕ್ಕೆ ಒಲಿಯದ ತಂತ್ರಾಂಶ

ಪೆನ್ಸಿಲ್2ಡಿ ಎಂಬ ಉಚಿತ ಆನಿಮೇಷನ್ ತಂತ್ರಾಂಶವನ್ನು ಬಹುಕಾಲದಿಂದ ಬಳಸುತ್ತಿದ್ದೇನೆ. ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ನನಗೆ ಬೇಕಾಗಿರುವುದು ಹತ್ತು ಹದಿನೈದು ಸೆಕೆಂಡುಗಳ ಚಲಿಸುವ ಚಿತ್ರಗಳು: ಮೊಳಕೆಯೊಡೆಯುವ ಹೆಸರುಕಾಳು, ರಾಟೆಯ ಮೇಲೆ ಸರಿಯುವ ಹಗ್ಗ, ಆವಿಯಾಗಿ ಮೇಲೇರಿ ಮಳೆಯಾಗಿ ಇಳಿಯುವ ಕೆರೆಯ ನೀರು. ಇಷ್ಟಕ್ಕಾಗಿ ತಿಂಗಳು ತಿಂಗಳು ಚಂದಾ ಕಟ್ಟುವುದು ನನ್ನ ಸಂಬಳದ ಲೆಕ್ಕಕ್ಕೆ ಹೊಂದುವುದಿಲ್ಲ. ನನ್ನ 4 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪಿಗೆ ಭಾರದ ತಂತ್ರಾಂಶಗಳನ್ನು ಹೊರುವ ಶಕ್ತಿಯೂ ಇಲ್ಲ. ಪೆನ್ಸಿಲ್2ಡಿ ಅದರಲ್ಲಿ ತಕರಾರಿಲ್ಲದೆ ಓಡುತ್ತದೆ. ಬಿಟ್‌ಮ್ಯಾಪ್, ವೆಕ್ಟರ್, ಧ್ವನಿ, ಕ್ಯಾಮೆರಾ ಎಂಬ ನಾಲ್ಕು ಬಗೆಯ ಪದರಗಳ ವಿವರ ಎಲ್ಲ ಕಡೆಯೂ ಸಿಗುವುದರಿಂದ ಅದನ್ನಿಲ್ಲಿ ಮತ್ತೆ ಬರೆಯುವುದಿಲ್ಲ. ಪದರಗಳೆಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಿದ್ದಂತೆ; ನನ್ನ ಕೆಲಸವೆಲ್ಲ ನಡೆಯುವುದು ಚಿತ್ರವನ್ನು ಬಣ್ಣದ ಚುಕ್ಕೆಗಳಾಗಿ ಉಳಿಸುವ ಬಿಟ್‌ಮ್ಯಾಪ್ ಪದರದಲ್ಲಿಯೇ.

ಮನಸ್ಸು ಗೆದ್ದದ್ದು ಆನಿಯನ್ ಸ್ಕಿನ್ ಎಂಬ ಸೌಲಭ್ಯ. ಈಗ ಬರೆಯುತ್ತಿರುವ ಫ್ರೇಮಿನ (ಚಲನೆಯ ಒಂದು ಕ್ಷಣದ ಚಿತ್ರದ) ಅಡಿಯಲ್ಲಿ ಹಿಂದಿನ ಚಿತ್ರ ಮಸುಕಾದ ಕೆಂಪಿನಲ್ಲಿಯೂ ಮುಂದಿನದು ಮಸುಕಾದ ನೀಲಿಯಲ್ಲಿಯೂ ಕಾಣಿಸುತ್ತದೆ. ಅವೆರಡರ ನಡುವೆ ಹೊಸ ಗೆರೆ ಎಲ್ಲಿ ಬೀಳಬೇಕೆಂಬುದನ್ನು ಕಣ್ಣೇ ತೀರ್ಮಾನಿಸುತ್ತದೆ. ಹೆಸರುಕಾಳನ್ನೇ ತೆಗೆದುಕೊಳ್ಳಿ. ಮೊದಲು ಬೇರು ಕೆಳಗಿಳಿಯುತ್ತದೆ, ಅನಂತರ ಕಾಂಡ ಕೊಕ್ಕೆಯಾಗಿ ಬಾಗಿ ಮಣ್ಣನ್ನು ಸೀಳಿ ಮೇಲೆ ಬರುತ್ತದೆ, ಕೊನೆಗೆ ನೆಟ್ಟಗಾಗುತ್ತ ಬೀಜದಳಗಳನ್ನು ತನ್ನೊಂದಿಗೆ ಎತ್ತಿ ನಿಲ್ಲಿಸುತ್ತದೆ. ಬಟಾಣಿಯಲ್ಲಿ ಬೀಜದಳಗಳು ಮಣ್ಣಿನಲ್ಲಿಯೇ ಉಳಿಯುತ್ತವೆ. ಪಕ್ಕಪಕ್ಕದಲ್ಲಿ ಎರಡನ್ನೂ ಓಡಿಸಿ ತೋರಿಸಿದರೆ ಆ ವ್ಯತ್ಯಾಸಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ. ಆ ಕೊಕ್ಕೆ ಬಿಚ್ಚಿಕೊಳ್ಳುವ ಗತಿಯನ್ನು ಹಿಡಿಯಬೇಕಾದರೆ ಆರಂಭದ ಗೆರೆಗಳು ಒತ್ತೊತ್ತಾಗಿರಬೇಕು, ನಡುವಿನವು ದೂರದೂರವಾಗಿರಬೇಕು, ಕೊನೆಯವು ಮತ್ತೆ ಒತ್ತಾಗಬೇಕು. ಗೆರೆಗಳ ಈ ಅಂತರವೇ ವೇಗ ಎಂಬುದು ಆನಿಮೇಷನ್ನಿನ ಮೊದಲ ಪಾಠ. ಕೆಂಪು ನೀಲಿ ನೆರಳುಗಳ ನಡುವೆ ಅದು ಕಣ್ಣಿಗೇ ಕಾಣಿಸುವುದರಿಂದ ಪುಸ್ತಕದಲ್ಲಿ ಓದಿದ್ದಕ್ಕಿಂತ ಬೇಗ ಕೈಗೆ ಹತ್ತುತ್ತದೆ.

ರಾತ್ರಿ ಊಟವಾದ ಮೇಲೆ ಕುಳಿತರೆ ನನ್ನ ಕ್ರಮ ಹೀಗೆ. ಪೆನ್ನಿನಿಂದ ಬರೆದದ್ದನ್ನು ಕಂಪ್ಯೂಟರಿಗೆ ಕಳಿಸುವ ಹಲಗೆಯಾದ ಪೆನ್ ಟ್ಯಾಬ್ಲೆಟ್ಟಿನ ಮೇಲೆ ಒಂದು ಬಿಳಿಹಾಳೆಯನ್ನು ಟೇಪಿನಿಂದ ಅಂಟಿಸುತ್ತೇನೆ. ಪೆನ್ನಿನ ತುದಿ ಬೇಗ ಸವೆಯುತ್ತದೆ ಎನ್ನುವುದು ನಿಜವಾದರೂ ನುಣುಪು ಪ್ಲಾಸ್ಟಿಕ್ಕಿನ ಮೇಲೆ ಜಾರುವ ಗೆರೆಗಿಂತ ಕಾಗದಕ್ಕೆ ಉಜ್ಜಿ ಸಾಗುವ ಗೆರೆ ಹೆಚ್ಚು ನಂಬಿಕೆಯದು. ಒಂದು ಚಿತ್ರ ಬರೆದು ಎಡಗೈಯಿಂದ ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ ಫ್ರೇಮುಗಳನ್ನು ತಿರುವುತ್ತೇನೆ. ಹಿಂದಕ್ಕೆ ಅಲ್ಪವಿರಾಮದ ಕೀಲಿ, ಮುಂದಕ್ಕೆ ಪೂರ್ಣವಿರಾಮದ ಕೀಲಿ. ಎರಡೂ ಕೀಲಿಮಣೆಯ ಬಲಬದಿಯಲ್ಲಿರುವುದು ಬಲಗೈಯಲ್ಲಿ ಪೆನ್ನು ಹಿಡಿಯುವವರಿಗೆ ತ್ರಾಸದ ಸಂಗತಿಯಾದುದರಿಂದ ಆಯ್ಕೆಗಳಿಗೆ ಹೋಗಿ ಅವನ್ನು ಎಡಗೈಗೆ ಹತ್ತಿರದ ಕೀಲಿಗಳಿಗೆ ಬದಲಿಸಿಕೊಂಡಿದ್ದೇನೆ. ಹೀಗೆ ತಿರುವುತ್ತಿದ್ದಂತೆ ಸತ್ತ ಗೆರೆಯೊಂದು ಇದ್ದಕ್ಕಿದ್ದಂತೆ ಉಸಿರಾಡತೊಡಗಿದಾಗ ಆಗುವ ಸಂತೋಷಕ್ಕಾಗಿಯೇ ಎಷ್ಟೋ ರಾತ್ರಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕುಳಿತದ್ದುಂಟು.

ಬಣ್ಣ ತುಂಬಲು ಹೊರಟ ಮೇಲೆ ಈ ಸಂತೋಷ ಉಳಿಯುವುದಿಲ್ಲ.

ತಂತ್ರಾಂಶದ ಮೂಲ ಗತಿ ಸೆಕೆಂಡಿಗೆ 12 ಫ್ರೇಮು. ಪ್ರತಿಯೊಂದು ಚಿತ್ರವನ್ನು ಎರಡು ಫ್ರೇಮುಗಳ ಕಾಲ ನಿಲ್ಲಿಸಿದರೂ 10 ಸೆಕೆಂಡಿಗೆ 60 ಚಿತ್ರಗಳಾಗುತ್ತವೆ. ಬೇರು, ಕಾಂಡ, ಎಲೆ ಎಂದು ಮೂರೇ ಬಣ್ಣವಿಟ್ಟರೂ ಗೆರೆಯೊಳಗಿನ ಜಾಗಕ್ಕೆ ಬಣ್ಣ ಸುರಿಯುವ ಬಕೆಟ್ ಉಪಕರಣವನ್ನು ಕನಿಷ್ಠ 180 ಸಲ ಒತ್ತಬೇಕು. ಒತ್ತುವುದೇ ಕಷ್ಟವೆಂದಲ್ಲ. ಪೆನ್ಸಿಲ್ಲಿನ ಸಹಜವಾದ, ಅಲ್ಲಲ್ಲಿ ತುಂಡಾದ ಗೆರೆಯಲ್ಲಿ ಕೂದಲೆಳೆಯಷ್ಟು ಸಂದು ಉಳಿದಿದ್ದರೂ ಹಸಿರು ಹೊರಕ್ಕೆ ಹರಿದು ಇಡೀ ಹಾಳೆಯನ್ನು ನುಂಗುತ್ತದೆ. ಸಂದು ಹುಡುಕಿ ಮುಚ್ಚಿ, ಮತ್ತೆ ತುಂಬಿ, ಗೆರೆಯಂಚಿನಲ್ಲಿ ಉಳಿದ ಬಿಳಿ ಚುಕ್ಕೆಗಳನ್ನು ಕುಂಚದಿಂದ ಸವರುವಷ್ಟರಲ್ಲಿ ಆ ಚಿತ್ರ ಬರೆಯಲು ಹಿಡಿದದ್ದಕ್ಕಿಂತ ಹೆಚ್ಚು ಸಮಯ ಕಳೆದಿರುತ್ತದೆ. ಸಂದೇ ಇಲ್ಲದ ಗೆರೆ ಎಳೆದರಾಯಿತಲ್ಲ ಎಂದು ಹೇಳುವವರು ಇದ್ದಾರೆ. ಹಾಗೆ ಎಳೆದ ಗೆರೆ ತಂತಿಯಂತೆ ಬಿಗಿಯಾಗುತ್ತದೆ, ಯಾವ ಗುಣಕ್ಕಾಗಿ ಈ ತಂತ್ರಾಂಶವನ್ನು ಆರಿಸಿಕೊಂಡೆವೋ ಆ ಗುಣವೇ ಹೊರಟುಹೋಗುತ್ತದೆ. ಇನ್ನು, ಎಲ್ಲ ಚಿತ್ರಗಳಿಗೂ ಬಣ್ಣ ಬಳಿದ ಮೇಲೆ ಎಲೆಯ ಹಸಿರು ತುಸು ಗಾಢವಾಯಿತೆನಿಸಿದರೆ ಬಿಟ್‌ಮ್ಯಾಪ್ ಪದರದಲ್ಲಿ ಒಂದೊಂದನ್ನೂ ತೆರೆದು ಬದಲಿಸುವುದು ಬಿಟ್ಟು ಬೇರೆ ದಾರಿಯಿಲ್ಲ.

ಈ ಕಾರಣಕ್ಕಾಗಿಯೇ ಓಪನ್‌ಟೂನ್ಸ್ ಎಂಬ ಇನ್ನೊಂದು ಆನಿಮೇಷನ್ ತಂತ್ರಾಂಶದ ಕಡೆಗೂ ಹೋಗಿ ನೋಡಿದೆ. ಇಟಲಿಯಲ್ಲಿ ಹುಟ್ಟಿ, ಜಪಾನಿನ ಘಿಬ್ಲಿ ಆನಿಮೇಷನ್ ಸ್ಟುಡಿಯೋದಲ್ಲಿ ದುಡಿದು, 2016ರಲ್ಲಿ ಮುಕ್ತ ತಂತ್ರಾಂಶವಾಗಿ ಎಲ್ಲರಿಗೂ ದೊರೆತದ್ದು ಅದು. ಅದರಲ್ಲಿ ಬಣ್ಣಗಳು ಪ್ಯಾಲೆಟ್ಟಿನೊಂದಿಗೆ, ಅಂದರೆ ಬಣ್ಣಗಳ ಪಟ್ಟಿಯೊಂದಿಗೆ, ಬೆಸೆದುಕೊಂಡಿರುತ್ತವೆ. ಪ್ಯಾಲೆಟ್ಟಿನಲ್ಲಿ ಒಂದು ಹಸಿರನ್ನು ಬದಲಿಸಿದರೆ ಅದನ್ನು ಬಳಸಿದ ಚಿತ್ರಗಳೆಲ್ಲ ತಾವಾಗಿಯೇ ಬದಲಾಗುತ್ತವೆ. ಅಸೂಯೆ ಹುಟ್ಟಿಸುವ ಸೌಲಭ್ಯ. ಆದರೆ ಆ ತಂತ್ರಾಂಶವನ್ನು ತೆರೆದೊಡನೆ ಎದುರಾಗುವ ಕಿಟಕಿಗಳ, ಪಟ್ಟಿಗಳ ಜಾತ್ರೆಯಲ್ಲಿ ಮೊದಲ ಚಿತ್ರ ಬರೆಯುವ ಉತ್ಸಾಹವನ್ನು ಉಳಿಸಿಕೊಳ್ಳುವುದು ಹೊಸಬರಿಗೆ ಸುಲಭವಲ್ಲ. ಪೆನ್ಸಿಲ್2ಡಿಯಲ್ಲಿ ತೆರೆದ ಕ್ಷಣದಲ್ಲಿಯೇ ಬರೆಯಲು ತೊಡಗಬಹುದು. ಬಣ್ಣವೇ ಮುಖ್ಯವಾದವರು ಆ ಕಷ್ಟವನ್ನು ಸಹಿಸಿ ಅಲ್ಲಿಗೇ ಹೋಗುವುದು ಲೇಸು.

ನಾನು ಹೋಗಲಿಲ್ಲ, ಬಣ್ಣವನ್ನೇ ಕಡಿಮೆ ಮಾಡಿದೆ. ಮಣ್ಣು, ಆಕಾಶ, ಕುಂಡ ಮುಂತಾದ ಅಲುಗದ ವಸ್ತುಗಳೆಲ್ಲ ಕೆಳಗಿನ ಪದರದಲ್ಲಿ ಒಂದೇ ಚಿತ್ರವಾಗಿ ಕೊನೆಯವರೆಗೂ ನಿಲ್ಲುವುದರಿಂದ ಅಲ್ಲಿ ಎಷ್ಟು ಬಣ್ಣವಿದ್ದರೂ ಶ್ರಮವಿಲ್ಲ. ಅಲುಗುವುದೆಲ್ಲ ಕಪ್ಪು ಗೆರೆ, ಎಲೆಗೆ ಮಾತ್ರ ಹಸಿರು. ತರಗತಿಯ ಗೋಡೆಯ ಮೇಲೆ ಪ್ರೊಜೆಕ್ಟರಿನಲ್ಲಿ ನೋಡುವಾಗ ಮಕ್ಕಳ ಕಣ್ಣು ಆ ಹಸಿರನ್ನೇ ಹಿಂಬಾಲಿಸುವುದರಿಂದ ಪಾಠಕ್ಕೆ ಇದೇ ಮೇಲು ಎಂದು ಈಗ ಅನ್ನಿಸುತ್ತಿದೆ.

ಅಕ್ಷರಗಳನ್ನು ಟೈಪಿಸುವ ಉಪಕರಣವೇ ಇದರಲ್ಲಿಲ್ಲ ಎಂಬುದನ್ನು ಕೆಲವರು ದೊಡ್ಡ ಕೊರತೆಯೆಂದು ಎಣಿಸಬಹುದು. ನನಗೆ ಅದು ಅನಿರೀಕ್ಷಿತ ಲಾಭವಾಯಿತು: ‘ಬೇರು’ ಎಂದು ಕೈಯಲ್ಲೇ ಮೂರು ಬಾರಿ ಬರೆದು ಮೂರು ಫ್ರೇಮುಗಳನ್ನು ಸುತ್ತುಸುತ್ತಾಗಿ ಓಡಿಸಿದರೆ ಅಕ್ಷರಗಳು ನಿಂತಲ್ಲಿಯೇ ಸಣ್ಣಗೆ ನಡುಗುತ್ತವೆ. ಯಾವ ಫಾಂಟಿನಲ್ಲಿಯೂ ಈ ಜೀವಂತಿಕೆ ಇಲ್ಲ. ಒತ್ತಕ್ಷರವಿರುವ ಉದ್ದದ ಪದಗಳಿಗೆ ಮಾತ್ರ ಇದು ತಾಳ್ಮೆಗೆಡಿಸುವ ಕೆಲಸ. ಅಂಥವನ್ನು ಬೇರೆ ತಂತ್ರಾಂಶದಲ್ಲಿ ಚಿತ್ರವಾಗಿ ಮಾಡಿಕೊಂಡು ತಂದು ಸೇರಿಸುತ್ತೇನೆ.

ಆರಂಭದ ಮತ್ತು ಕೊನೆಯ ಸ್ಥಾನ ಕೊಟ್ಟರೆ ನಡುವಿನ ಚಲನೆಯನ್ನು ತಾನೇ ತುಂಬಿಕೊಳ್ಳುವ ಸೌಕರ್ಯ ಇಲ್ಲಿ ಇರುವುದು ಕ್ಯಾಮೆರಾಕ್ಕೆ ಮಾತ್ರ. ಕ್ಯಾಮೆರಾ ಸರಿದರೆ ದೃಶ್ಯವೆಲ್ಲ ಒಟ್ಟಿಗೆ ಸರಿಯುವುದರಿಂದ ಮೋಡವೊಂದನ್ನೇ ತೇಲಿಸಲು ಅದನ್ನು ನೆಚ್ಚುವಂತಿಲ್ಲ. ಧ್ವನಿಯನ್ನು ಫೋನಿನಲ್ಲಿ ಮುದ್ರಿಸಿ ಸೇರಿಸುತ್ತೇನೆ, ಅದರಲ್ಲಿ ಹೇಳುವಂಥದ್ದೇನಿಲ್ಲ. ಹೊಸದಾಗಿ ಆರಂಭಿಸುವವರು ಟ್ಯಾಬ್ಲೆಟ್ಟಿಗೆ ಹಣ ಹಾಕುವ ಮೊದಲು ಇರುವ ಮೌಸಿನಿಂದಲೇ ನೆಲಕ್ಕೆ ಬಿದ್ದು ಪುಟಿಯುವ ಚೆಂಡೊಂದನ್ನು ಬರೆದು ನೋಡಲಿ. ಚೆಂಡು ಮೇಲೇರುತ್ತ ನಿಧಾನವಾಗಿ, ಬೀಳುತ್ತ ವೇಗವಾಗಿ ಚಲಿಸುವಂತೆ ಕಂಡರೆ ಟ್ಯಾಬ್ಲೆಟ್ ಕೊಳ್ಳಬಹುದು, ಬಣ್ಣದ ಯೋಚನೆ ಆಮೇಲೆ.