ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್: ಹರಕೆ ಹೊತ್ತವರನ್ನೂ ಗೌರವದಿಂದ ಕಾಣುವ ಸೇವೆ

ಕೊಡಗಿನ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್‌ಗೆ ನಮ್ಮ ಬಂಧುವೊಬ್ಬರನ್ನು ಕರೆದೊಯ್ಯುತ್ತಿದ್ದೇವೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ಆ ದಿನ ತಾಲ್ಲೂಕಿಗೇ ಬರುವುದರಿಂದ ಪ್ರತಿ ಸಲ ಮಡಿಕೇರಿಗೋ ಮೈಸೂರಿಗೋ ಅಲೆಯುವುದು ತಪ್ಪಿದೆ.

ಅಲ್ಲಿಗೆ ಹೋಗುವ ಮೊದಲು ಕಣಿಯರಲ್ಲಿ ಪ್ರಶ್ನೆ ಕೇಳಿದ್ದೆವು, ಗುಳಿಗನಿಗೆ ಕೋಳಿ ಕೊಟ್ಟಿದ್ದೆವು, ಎಮ್ಮೆಮಾಡಿನ ದರ್ಗಾಕ್ಕೂ ಹರಕೆ ಹೊತ್ತಿದ್ದೆವು. ರಾತ್ರಿಯಿಡೀ ನಿದ್ದೆಯಿಲ್ಲದೆ ಹಿರಿಯರ ದನಿಯಲ್ಲಿ ಅಪ್ಪಣೆ ಕೊಡುತ್ತಾ, ಕಾಫಿ ತೋಟವನ್ನೇ ದಾನ ಮಾಡುತ್ತೇನೆಂದು ಹೊರಟವರನ್ನು ಕಂಡರೆ, ಹಿರಿಯರ ಗುಡಿಯಾದ ಕೈಮಡದ ಮುಂದೆ, ತೀರಿಕೊಂಡ ಹಿರಿಯರು ಮೈಮೇಲೆ ಬರುವ ಕಾರೋಣ ತೆರೆ ನೋಡುತ್ತ ಬೆಳೆದ ಮನೆಯವರಿಗೆ ಮನೆತನದ ಮೂಲಪುರುಷ ಗುರುಕಾರೋಣನೇ ಮೈಮೇಲೆ ಬಂದಿದ್ದಾನೆ ಅನ್ನಿಸುವುದು ಸಹಜ. ವೈದ್ಯರು ಇದನ್ನೆಲ್ಲ ಅರ್ಧಕ್ಕೆ ತಡೆಯದೆ ಕೇಳಿಸಿಕೊಂಡರು. ಆಮೇಲೆ ನಮ್ಮ ಹಿರಿಯರತ್ತ ತಿರುಗಿ, "ಅಜ್ಜಾ, ತೆರೆಯ ದಿನ ಬಂದ ಕಾರೋಣ ಯಾವಾಗ ಇಳಿಯುತ್ತಾನೆ?" ಎಂದು ಕೇಳಿದರು. "ತೆರೆ ಮುಗಿದ ಮೇಲೆ ಇಳಿಯಲೇಬೇಕಲ್ಲ" ಎಂದರು ಅಜ್ಜ. "ಹಾಗಾದರೆ ಇವರಿಗೆ ಇಷ್ಟು ದಿನದಿಂದ ನಿದ್ದೆ ಏಕಿಲ್ಲ?" ಅಜ್ಜ ಸ್ವಲ್ಪ ಹೊತ್ತು ಯೋಚಿಸಿ, ಮಾತ್ರೆ ಕೊಡಿ ಎಂದರು. ನಂಬಿಕೆಯನ್ನು ಹೀಯಾಳಿಸಿದ್ದರೆ ನಾವು ಎರಡನೆಯ ಸಲ ಆ ಬಾಗಿಲಿಗೆ ಹೋಗುತ್ತಿರಲಿಲ್ಲ.

ನಮ್ಮ ಬಂಧುವಿನ ಬೈಪೋಲಾರ್ ಕಾಯಿಲೆಗೆ (ಅತಿಯಾದ ಉತ್ಸಾಹ, ಖಿನ್ನತೆ ಬಂದು ಹೋಗುತ್ತಿರುವ ಕಾಯಿಲೆ) ಲಿಥಿಯಂ ಮಾತ್ರೆ ಕೊಟ್ಟಾಗ ವಹಿಸಿದ ಕಾಳಜಿಯನ್ನು ವಿಶೇಷವಾಗಿ ಹೇಳಬೇಕು. ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಪ್ರಮಾಣ ಏರಿ ವಿಷವಾಗಬಹುದಾದ್ದರಿಂದ, ಹರಕೆಯ ಉಪವಾಸವಿದೆಯೇ ಎಂದು ಅವರೇ ಕೇಳಿ, ಹರಕೆ ತೀರಿಸಿ, ಆದರೆ ನೀರು ಬಿಡುವ ಉಪವಾಸ ಬೇಡ ಎಂದು ತಿಳಿಹೇಳಿದರು. ವಾಂತಿ, ಭೇದಿ, ಕೈನಡುಕ, ನಡಿಗೆಯಲ್ಲಿ ತೂರಾಟ ಕಂಡರೆ ಮುಂದಿನ ಮಂಗಳವಾರಕ್ಕೆ ಕಾಯದೆ ಬರಬೇಕೆಂದು ನರ್ಸ್ ಚೀಟಿಯ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟರು. ಕಟ್ಟಿಹಾಕುವುದು, ಹೊಡೆಯುವುದು, ತಮಗೆ ತಿಳಿಸದೆ ಮಾತ್ರೆ ನಿಲ್ಲಿಸುವುದು, ಈ ಮೂರನ್ನು ಮಾತ್ರ ವೈದ್ಯರು ಯಾವ ಕಾರಣಕ್ಕೂ ಒಪ್ಪುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ರೋಗಿಯನ್ನು ಸರಪಳಿಯಲ್ಲಿ ಬಿಗಿಯುವುದನ್ನು ನಿಷೇಧಿಸಿದೆ.

ಕೊರತೆಗಳೂ ಇವೆ, ಅವು ಸಣ್ಣವಲ್ಲ. ಇಂಜೆಕ್ಷನ್‌ಗೆ ಸಾಲು ನಿಂತವರಿಗೆ ಒಳಗಿನ ಮಾತೆಲ್ಲ ಕೇಳಿಸುತ್ತದೆ. ಎಲ್ಲರಿಗೂ ಎಲ್ಲರ ಮನೆತನ ಗೊತ್ತಿರುವ ಊರಿನಲ್ಲಿ ಇದೊಂದೇ ಕಾರಣಕ್ಕೆ ಬಾರದೆ ಉಳಿದವರನ್ನು ನಾನು ಬಲ್ಲೆ. ಒಂದು ಪರದೆ, ಮುಚ್ಚುವ ಒಂದು ಬಾಗಿಲು ದೊಡ್ಡ ಖರ್ಚೇನಲ್ಲ. ಉಚಿತ ಮಾತ್ರೆ ಕೆಲವೊಮ್ಮೆ ಮುಗಿದಿರುತ್ತದೆ, ಹೊರಗೆ ಕೊಳ್ಳಬೇಕು. ವಾರಕ್ಕೆ ಒಂದೇ ದಿನವಾದ್ದರಿಂದ ಕಾಫಿ ಕೊಯ್ಲಿನ ಕಾಲದಲ್ಲಿ ಲೈನ್‌ಮನೆಯ ಕಾರ್ಮಿಕರು ಕೂಲಿ ಬಿಟ್ಟು ಬರಲಾಗದೆ ಮಾತ್ರೆ ತಪ್ಪಿಸುತ್ತಾರೆ. ಯರವ ಬುಡಕಟ್ಟಿನವರ ಭಾಷೆಯಲ್ಲಿ ಮಾತಾಡಿಸುವವರೂ ಅಲ್ಲಿಲ್ಲ.

ಮಂಗಳವಾರದವರೆಗೆ ಕಾಯಲಾಗದ ರಾತ್ರಿಗಳಲ್ಲಿ, 2022ರಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಸಲಹೆ ಪಡೆಯಬಹುದು. ಕ್ಲಿನಿಕ್‌ಗೆ ಹೋಗುವವರು ಹಳೆಯ ಚೀಟಿಗಳ ಜೊತೆಗೆ ನಾಟಿವೈದ್ಯರು ಕೊಟ್ಟ ಕಷಾಯದ ಬಾಟಲಿಯನ್ನೂ ಒಯ್ಯಿರಿ; ವೈದ್ಯರು ಅದನ್ನು ಕೇಳಿ ನೋಡುತ್ತಾರೆ, ಬೈಯುವುದಿಲ್ಲ.