ಬಿಳಿ ಐದರಲ್ಲಿ ಗುನುಗುವ ಗಿಟಾರು

ಬ್ರಿಡ್ಜ್ ಪಕ್ಕ, ಎಂದರೆ ವೀಣೆಯವರು ಕುದುರೆ ಎನ್ನುವ ಜಾಗದ ಬಳಿ, ಒಂದು ಹಂಬಕರ್, ಎಂದರೆ ಎರಡು ಸುರುಳಿಯ ಪಿಕಪ್; ತಂತಿಯ ನಡುಕವನ್ನು ಹಿಡಿಯುವ ಭಾಗಕ್ಕೆ ಪಿಕಪ್ ಎನ್ನುತ್ತಾರೆ. ಉಳಿದೆರಡು ಒಂದೇ ಸುರುಳಿಯ ಸಿಂಗಲ್ ಕಾಯಿಲ್. ಈಗ ನನ್ನ ಬಳಿ ಇರುವ ಎಲೆಕ್ಟ್ರಿಕ್ ಗಿಟಾರು ಇದು, ಮೂರು ಬಗೆಯ ಗಿಟಾರುಗಳನ್ನೂ ನುಡಿಸಿ ನೋಡಿದ ಮೇಲೆ ನನಗೆ ಬೇಕಾದದ್ದೂ ಇದೇ. ದುರದೃಷ್ಟಕ್ಕೆ ಮೊದಲು ಕೊಂಡದ್ದು ಇದಲ್ಲ.

ಮೊದಲನೆಯದು ಮೂರೂ ಸಿಂಗಲ್ ಕಾಯಿಲ್‌ಗಳದು. 1954ರಲ್ಲಿ ಬಂದ, ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್‌ನ ಅಚ್ಚಿನಲ್ಲಿ ತೆಗೆದ ಅಗ್ಗದ ಮಾಲು. ಮಡಗಾಂವಿನ ಅಂಗಡಿಯೊಂದರಲ್ಲಿ ನುಡಿಸಿದಾಗ ದೇವಸ್ಥಾನದ ಗಂಟೆಯಂತೆ ಸ್ವರ ಬಿಟ್ಟುಕೊಟ್ಟಿತು. 14,000 ರೂಪಾಯಿ ಎಣಿಸಿ, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕಾರವಾರಕ್ಕೆ ತಂದೆ. ರಾತ್ರಿ ಊಟವಾದ ಮೇಲೆ ಸದ್ದು ಹಿಗ್ಗಿಸುವ ಪೆಟ್ಟಿಗೆಯಾದ ಆಂಪ್‌ಗೆ ಸಿಕ್ಕಿಸಿದೆ. ಇನ್ನೂ ಒಂದು ತಂತಿ ಮೀಟಿರಲಿಲ್ಲ, ಅಡುಗೆಮನೆಯಿಂದ ಆಯಿ ಕೂಗಿದಳು: "ಗ್ರೈಂಡರ್ ಬಂದ್ ಮಾಡಲಿಲ್ಲವೇನೇ?"

ನಮ್ಮದು ಕಾಜುಬಾಗದ ಹಳೆಯ ಹೆಂಚಿನ ಮನೆ. ಚಿರೆಕಲ್ಲಿನ ಗೋಡೆ, ಅಜ್ಜನ ಕಾಲದ ವೈರಿಂಗ್, ಚೋಕಿನ ಟ್ಯೂಬ್‌ಲೈಟು. ಸಿಂಗಲ್ ಕಾಯಿಲ್ ಎಂದರೆ ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಒಂದೇ ಸುರುಳಿ. ಗಿಟಾರಿನ ತಂತಿ ನಡುಗಿದ್ದನ್ನು ಹಿಡಿಯುವ ಆ ಸುರುಳಿ ಚೋಕು, ಟ್ರಾನ್ಸ್‌ಫಾರ್ಮರುಗಳ ಕಾಂತಕ್ಷೇತ್ರವನ್ನೂ ಹಿಡಿದು ಆಂಪ್‌ಗೆ ಒಪ್ಪಿಸುತ್ತದೆ. ಅಂಗಡಿಯಲ್ಲಿ ಕೇಳದ ಗುಂಯ್ ಮನೆಯಲ್ಲಿ ಕೇಳಿದ್ದು ಹೀಗೆ.

ಈ ಗುಂಯ್‌ಗೆ ದಿಕ್ಕುಂಟು. ಕಿಟಕಿಯ ಕಡೆ ಮುಖ ಮಾಡಿ ಕೂತರೆ ಅರ್ಧವಾಗುತ್ತಿತ್ತು, ಫ್ರಿಜ್ ಕಡೆ ತಿರುಗಿದರೆ ದುಪ್ಪಟ್ಟು. ಅತಿ ಕಡಿಮೆ ಕೇಳುವ ಜಾಗ ಹುಡುಕಿ, ಪ್ಲಾಸ್ಟಿಕ್ ಕುರ್ಚಿಯ ನಾಲ್ಕು ಕಾಲುಗಳ ಸುತ್ತ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿಟ್ಟಿದ್ದೆ. ಆಯಿ ನೆಲ ಒರೆಸಿದ ದಿನ ಮತ್ತೆ ಮೊದಲಿನಿಂದ ಹುಡುಕಾಟ. ಕರೆಂಟು ಹೋಗಿ ಅಗ್ಗದ ಇನ್ವರ್ಟರ್ ಶುರುವಾದರೆ ಗುರುತೂ ಪ್ರಯೋಜನಕ್ಕೆ ಬರುತ್ತಿರಲಿಲ್ಲ. ಗುಂಯ್ ಹೋಗಿ ಜೀರುಂಡೆಯ ಗೂಡೇ ಎದ್ದು ಬರುತ್ತಿತ್ತು.

ಮನೆಯಲ್ಲಾದರೆ ಕುರ್ಚಿ ತಿರುಗಿಸಬಹುದು. ಗಣೇಶ ಚೌತಿಯ ಪೆಂಡಾಲಿನಲ್ಲಿ ಭಾವಗೀತೆಗೆ ಸಾಥ್ ಕೊಡಲು ಹೋದಾಗ ಸುತ್ತಲೂ ಸೀರಿಯಲ್ ಸೆಟ್, ಬೆನ್ನ ಹಿಂದೆ ದೀಪದ ಡಿಮ್ಮರ್. ಸದ್ದು ತಗ್ಗಲೆಂದು ಸಭಿಕರಿಗೆ ಅಡ್ಡವಾಗಿ, ಗಣಪತಿಗೆ ಹೆಗಲು ತೋರಿಸಿ ನಿಂತೆ. ಎರಡು ಹಾಡಾದ ಮೇಲೆ ಹಾರ್ಮೋನಿಯಂನ ಮಾಸ್ತರರು ಬಗ್ಗಿ ಹೇಳಿದರು: "ತಂಗಿ, ನಿನ್ನ ಪೆಟ್ಟಿಗೆ ಬಿಳಿ ಐದಕ್ಕಿಂತ ತುಸು ಏರಿ ಕೂತಿದೆ. ನಾವು ಹಾಡುತ್ತಿರುವುದು ಕರಿ ಎರಡರಲ್ಲಿ." ಬಿಳಿ ಐದು, ಕರಿ ಎರಡು ಎಂದರೆ ಹಾರ್ಮೋನಿಯಂನ ಮನೆಗಳಿಂದ ಬಂದ ಶ್ರುತಿಯ ಹೆಸರುಗಳು. ಮನೆಗೆ ಬಂದು ಲೆಕ್ಕ ಹಾಕಿದೆ. ನಮ್ಮ ಕರೆಂಟಿನ ಆವರ್ತನ ಸೆಕೆಂಡಿಗೆ 50, ಅದರ ಇಮ್ಮಡಿ 100. ಬಿಳಿ ಐದರ ಕೆಳಗಿನ ಸಪ್ತಕಗಳಲ್ಲಿ ಸಿಗುವುದು 49 ಮತ್ತು 98. ಅವರ ಕಿವಿಗೆ ಅಲ್ಲಿಂದಲೇ ಕೈ ಮುಗಿದೆ.

ಪರಿಹಾರಕ್ಕೆಂದು ದುಡ್ಡು ಸುರಿದದ್ದು ಆಮೇಲೆ. ಎಲೆಕ್ಟ್ರಿಶಿಯನ್ ಬಂದು ನೋಡಿದರೆ ಮೂರು ಪಿನ್ನಿನ ಸಾಕೆಟ್ಟಿಗೆ ಅರ್ಥಿಂಗ್ ತಂತಿಯೇ ಇರಲಿಲ್ಲ, ಮೂರನೆಯ ತೂತು ಶೋಭೆಗೆ! ತಂತಿ ಎಳೆಸಿ, ಅಂಗಳದ ಗುಂಡಿಗೆ ಉಪ್ಪು, ಇದ್ದಿಲು ತುಂಬಿಸಿದೆ. ಬೇಸಿಗೆಯಲ್ಲಿ ಅದಕ್ಕೆ ತೆಂಗಿನ ಬುಡಕ್ಕೆ ಹೊಯ್ದಂತೆ ನೀರು ಹೊಯ್ಯಬೇಕು. ಪಿಕ್‌ಗಾರ್ಡ್ ಎಂಬ ಮೈಮೇಲಿನ ಪ್ಲಾಸ್ಟಿಕ್ ಹಲಗೆ ಬಿಚ್ಚಿ ಒಳಗೆಲ್ಲ ತಾಮ್ರದ ಹಾಳೆ ಅಂಟಿಸಿದೆ. ಇಷ್ಟರಿಂದ ಹೋದದ್ದು ಗುಂಯ್ ಜೊತೆಗಿದ್ದ, ತಂತಿಗೆ ಕೈ ತಾಗಿಸಿದರೆ ನಿಲ್ಲುತ್ತಿದ್ದ ಕಿರ್ರ್ ಎನ್ನುವ ಸದ್ದು ಮಾತ್ರ. ಗುಂಯ್ ಕದಲಲಿಲ್ಲ. ತೆಳು ತಾಮ್ರಕ್ಕೆ ಅಷ್ಟು ಮಂದ್ರದ ಕಾಂತಕ್ಷೇತ್ರವನ್ನು ತಡೆಯುವ ಶಕ್ತಿ ಇಲ್ಲ.

ಒಳ್ಳೆಯ ಸ್ಟ್ರಾಟೋಕಾಸ್ಟರ್‌ಗಳಲ್ಲಿ ಸಾಮಾನ್ಯವಾಗಿ ನಡುವಿನ ಪಿಕಪ್ಪನ್ನು ಉಲ್ಟಾ ಸುತ್ತಿ, ಅದರ ಅಯಸ್ಕಾಂತವನ್ನೂ ತಿರುಗಿಸಿಟ್ಟಿರುತ್ತಾರೆ. ಪಿಕಪ್ ಆರಿಸುವ ಐದು ಮನೆಗಳ ಸ್ವಿಚ್ಚನ್ನು ಎರಡನೆಯ ಅಥವಾ ನಾಲ್ಕನೆಯ ಮನೆಯಲ್ಲಿಟ್ಟರೆ ಎರಡು ಪಿಕಪ್ ಜೊತೆಯಾಗಿ ಗುಂಯ್ ಅಳಿಯುತ್ತದೆ. ನನ್ನದರಲ್ಲಿ ಐದೂ ಮನೆಗಳಲ್ಲಿ ಒಂದೇ ಗುಂಯ್. ಕೊಳ್ಳುವಾಗ ತಂತಿ ಮುಟ್ಟದೆ ಸ್ವಿಚ್ಚನ್ನು ಮಾತ್ರ ಆಚೀಚೆ ಮಾಡಿ ಕೇಳಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು, ಅಂಗಡಿಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ನಿಂತಿದ್ದರೆ.

ಎರಡು ಹಂಬಕರ್‌ಗಳ ಗಿಟಾರು ಸಿಕ್ಕಿದ್ದು ಶಿರಸಿಯ ಅಣ್ಣನಿಂದ, ಚಿಕ್ಕಪ್ಪನ ಮಗ. ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರಿನ ಮಾದರಿಯದು. ಒಂದು ತಿಂಗಳಿಗೆಂದು ಕೊಟ್ಟ. ದೇವಿಮನೆ ಘಟ್ಟದ ತಿರುವುಗಳಲ್ಲಿ ಬಸ್ಸಿನ ಸೀಟು ಹಿಡಿಯುವುದೋ, ನಾಲ್ಕು ಕಿಲೋ ದಾಟಿದ ಅದನ್ನು ಹಿಡಿಯುವುದೋ ಎಂದು ಒದ್ದಾಡುತ್ತ ಇಳಿದೆ. "ಗುಂಯ್ ಅನ್ನುವುದು ನಿನ್ನ ಮನೆಯ ರೋಗ ಮಾರಾಯ್ತಿ, ಗಿಟಾರಿನದಲ್ಲ" ಎಂದಿದ್ದ. ಅವನದು ಹೊಸ ಮನೆ, ಹೊಸ ವೈರಿಂಗ್. ಹೇಳುತ್ತಾನೆ.

ಆ ರಾತ್ರಿ ಸಿಕ್ಕಿಸಿದಾಗ ಆಂಪ್ ಆನ್ ಆಗಿದೆಯೋ ಇಲ್ಲವೋ ಎಂದು ಎರಡು ಸಲ ನೋಡಿದೆ. ಗಿಬ್ಸನ್ ಕಂಪನಿಯ ಸೇಥ್ ಲವರ್ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಉಪಾಯವಿದು. ಪಕ್ಕಪಕ್ಕದಲ್ಲಿ ಎರಡು ಸುರುಳಿ, ಸುತ್ತು ಉಲ್ಟಾ, ಕಾಂತದ ಧ್ರುವವೂ ಉಲ್ಟಾ. ಹೊರಗಿನ ಗುಂಯ್ ಎರಡರಲ್ಲೂ ಎದುರುಬದುರಾಗಿ ಬಂದು ಪರಸ್ಪರ ಅಳಿಸಿಕೊಳ್ಳುತ್ತದೆ, ತಂತಿಯ ಸ್ವರ ಮಾತ್ರ ಕೂಡಿ ದಪ್ಪವಾಗುತ್ತದೆ. ಆ ದಪ್ಪವೇ ಮೂರನೆಯ ವಾರಕ್ಕೆ ನನಗೆ ಸಾಕಾಯಿತು. ಡಿಸ್ಟಾರ್ಷನ್, ಎಂದರೆ ರಾಕ್ ಹಾಡಿನ ಒಡಕು ಸದ್ದು, ಹಾಕಿ ನುಡಿಸುವವರಿಗೆ ಅದು ಹಬ್ಬದೂಟ. ನಾನು ನುಡಿಸುವುದು ಹಾಡುವವರ ಹಿಂದೆ ಬಿಡಿಬಿಡಿ ಸ್ವರಗಳನ್ನು. ಕುತ್ತಿಗೆಯ ಬಳಿಯ ಹಂಬಕರ್‌ನಲ್ಲಿ ಅವು ಜೋನಿಬೆಲ್ಲದಲ್ಲಿ ಬಿದ್ದ ಇರುವೆಗಳಂತೆ ಒಂದಕ್ಕೊಂದು ಅಂಟಿಕೊಂಡವು. ಹಾಡಿನ ಮಾತೂ ಮುಚ್ಚಿಹೋಯಿತು.

ಪಿ-90 ಎಂಬ ಇನ್ನೊಂದು ಬಗೆಯ ಪಿಕಪ್ಪನ್ನೂ ಒಬ್ಬರು ಸೂಚಿಸಿದರು. ಅದೂ ಸಿಂಗಲ್ ಕಾಯಿಲ್ಲೇ, ನಮಸ್ಕಾರ.

ಈಗಿನದು ಸಿಕ್ಕಿದ್ದು ಅರ್ಗಾ ನೌಕಾನೆಲೆಯಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಹೊರಟವರೊಬ್ಬರಿಂದ. ವರ್ಗಾವಣೆಯ ಕಾಲದಲ್ಲಿ ಅಲ್ಲಿಂದ ಸೋಫಾ, ಸೈಕಲ್ಲು, ವಾಷಿಂಗ್ ಮಷೀನು ಮಾರಾಟಕ್ಕೆ ಬರುತ್ತವೆ; ಆ ಸಲ ಗಿಟಾರು ಬಂದಿತ್ತು. ಹಳೆಯದಾದರೂ 19,000. ಭಾವಗೀತೆಗೆ ಕುತ್ತಿಗೆ ಮತ್ತು ನಡುವಿನ ಪಿಕಪ್ ಜೊತೆಯಾಗಿ: ನಡುವಿನದು ಸರಿಯಾಗಿ ಉಲ್ಟಾ ಸುತ್ತಿದ್ದು, ಸದ್ದಿಲ್ಲ, ಗಂಟೆಯ ಗುಣವೂ ಇದೆ. ಯಾರಾದರೂ ಹುಡುಗರು ರಾಕ್ ಹಾಡು ಕೇಳಿದರೆ ಸ್ವಿಚ್ಚನ್ನು ಹಂಬಕರ್ ಕಡೆ ತಳ್ಳಿದರಾಯಿತು. ಹಾಗೆ ತಳ್ಳಿದಾಗ ಮೊದಮೊದಲು ಸದ್ದು ಧಡಕ್ಕನೆ ಜಿಗಿಯುತ್ತಿತ್ತು. ಸ್ಕ್ರೂ ತಿರುಗಿಸಿ ಹಂಬಕರನ್ನು ತಂತಿಯಿಂದ ತುಸು ಕೆಳಗಿಳಿಸಿ, ಸಿಂಗಲ್‌ಗಳನ್ನು ಏರಿಸಿದ ಮೇಲೆ ಸಮವಾಯಿತು. ಟೋನ್ ಗುಂಡಿ ಎಳೆದರೆ ಹಂಬಕರ್‌ನ ಒಂದು ಸುರುಳಿ ಮಾತ್ರ ಉಳಿಯುವ ಸೌಲಭ್ಯವೂ ಇದೆ. ಎಳೆದರೆ ಸ್ವರ ಸೊರಗುತ್ತದೆ, ಗುಂಯ್ ಮರಳುತ್ತದೆ. ವರ್ಷದಲ್ಲಿ ನಾಲ್ಕು ಸಲ ಎಳೆದಿರಬಹುದು.

ಕಡಲ ಗಾಳಿಗೆ ಮೂರರ ತಂತಿಯೂ ಒಂದೇ ರೀತಿ ತುಕ್ಕು ಹಿಡಿಯುತ್ತದೆ, ಅದರಲ್ಲಿ ಪಕ್ಷಪಾತವಿಲ್ಲ.

ಹೊಸ ವೈರಿಂಗಿನ ಮನೆ ಇದ್ದು, ಡಿಸ್ಟಾರ್ಷನ್ ಬೇಡ ಎನ್ನುವವರು ಮೂರು ಸಿಂಗಲ್‌ಗಳದನ್ನೇ ಕೊಳ್ಳಬಹುದು; ಆ ಸ್ವರಕ್ಕೆ ಸಮ ನನಗಿನ್ನೂ ಸಿಕ್ಕಿಲ್ಲ. ನಾನು ನುಡಿಸುವುದು ರಾತ್ರಿ ಒಂಬತ್ತರ ಮೇಲೆ, ಆ ಟ್ಯೂಬ್‌ಲೈಟಿನ ಕೆಳಗೆ, ಮನೆಯನ್ನೇ ಬಿಚ್ಚಿ ಕಟ್ಟುವಷ್ಟು ದುಡ್ಡಿಲ್ಲ. ಹಳೆಯದನ್ನು 6,000ಕ್ಕೆ ಕೇಳಿಕೊಂಡು ಕಳೆದ ತಿಂಗಳು ಒಬ್ಬ ಹುಡುಗ ಮಧ್ಯಾಹ್ನ ಬಂದಿದ್ದ. ರಾತ್ರಿ ದೀಪ ಹಾಕಿದ ಮೇಲೆ ಬಂದು ಒಮ್ಮೆ ಕೇಳಿ ಹೋಗಪ್ಪಾ ಎಂದೆ. ಬಂದ, ಕೇಳಿದ, ಆಯಿ ಕೊಟ್ಟ ಚಹಾ ಕುಡಿದು ಹೋದ. ಗಿಟಾರು ಇನ್ನೂ ಗೋಡೆಯ ಮೇಲೇ ಇದೆ.